ಮಾಸ್ಟರ್ ಮನೆಯ ಪಥ್ಯ

ಅವನನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ ಯಾವ ಶಾಲೆಯಲ್ಲಿ ಎಂದು ಕೇಳಿದರೆ ಪಕ್ಕದಲ್ಲಿದ್ದವರಿಗೆ ನಗು ತಡೆಯುತ್ತಿರಲಿಲ್ಲ. ಶಾಲೆಯೂ ಇಲ್ಲ, ಮಣ್ಣೂ ಇಲ್ಲ, ಅವನು ಬೇಕರಿಯ ಬ್ರೆಡ್ ಮಾಸ್ಟರ್. ಊರೆಲ್ಲ ಹೊದ್ದು ಮಲಗಿರುವಾಗ ಎದ್ದು ಹೋಗಿ, ಹಿಟ್ಟು ನಾದಿ, ಉಬ್ಬಲು ಬಿಟ್ಟು, ಅಚ್ಚಿಗೆ ತುಂಬಿ ಓವನ್ನಿಗೆ ತಳ್ಳಿ, ಮಧ್ಯಾಹ್ನದ ಹೊತ್ತಿಗೆ ಏಪ್ರನ್ ಬಿಚ್ಚಿ ಗೂಟಕ್ಕೆ ನೇತುಹಾಕುವ ಮನುಷ್ಯ. ಕೆಲಸದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ಇಂಥವನು ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿಯ ಕಣ್ಣು ತಪ್ಪಿಸಿ ಕಳ್ಳನಾದ. ಅದೂ ಎಂಥ ಕಳ್ಳ? ಬ್ರೆಡ್ಡಿನ ಕಳ್ಳ. ನಗು ಬಂದರೆ ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದೇನೂ ಅಷ್ಟಾಗಿ ಇಲ್ಲ.

ಮಗನನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಹುಡುಗ ತುದಿಗಾಲಲ್ಲಿ ಕುಪ್ಪಳಿಸಿಕೊಂಡೇ ನಡೆಯುತ್ತಿದ್ದ. ಐದು ತುಂಬಿದರೂ ಮಾತು ಬಂದಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಎತ್ತಿಕೊಂಡರೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಜಾರಿಕೊಳ್ಳುತ್ತಿದ್ದ. ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ನೋಡಿ ಆಟಿಸಂ ಎಂದರು. ಇದನ್ನು ವಾಸಿ ಮಾಡುವ ಗುಳಿಗೆ ಇಲ್ಲ, ಮಾತು ಕಲಿಸುವ ಟೀಚರ್ ಹತ್ತಿರ ಬಿಡದೆ ಕಳಿಸಿ, ಮಗು ತನ್ನ ಗತಿಯಲ್ಲಿ ಕಲಿಯುತ್ತದೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೊರಗೆ ಸಾಲು ಬಾಗಿಲು ದಾಟಿತ್ತು, ಈ ಮಾತು ಹೇಳುತ್ತಿರುವಾಗಲೇ ಅವರ ಕೈ ಮುಂದಿನ ಮಗುವಿನ ಫೈಲ್ ತೆರೆಯುತ್ತಿತ್ತು. ತನ್ನ ಮಗನ ಇಡೀ ಬದುಕನ್ನು ಯಾರೋ ನಿಂತ ಕಾಲಲ್ಲಿ ಹೇಳಿ ಮುಗಿಸಿದ ಹಾಗಾಯಿತು ಹೆಂಡತಿಗೆ. ಅವಳು ಅಲ್ಲಿಂದ ಎದ್ದು ಬಂದದ್ದೇ ಬೇರೆ ಡಾಕ್ಟರನ್ನು ಹುಡುಕಲು.

ಹುಡುಕುವುದೆಂದರೆ ಸುಮ್ಮನೆಯೇ? ಅವಳು ಮಧ್ಯಾಹ್ನದಿಂದ ಸಂಜೆಯವರೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಊರವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ ಸರಿ ಮಾಡಿಕೊಡುವುದು ಅವಳ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಫೋನಿನಲ್ಲಿ ಇಂಥದೇ ಮಕ್ಕಳ ತಾಯಂದಿರ ಗುಂಪಿನಲ್ಲಿರುತ್ತಿದ್ದಳು. ಹೊಟ್ಟೆ, ರಕ್ತ, ಆಹಾರ ಇವುಗಳ ದಾರಿಯಿಂದ ಆಟಿಸಂ ಹಿಡಿತಕ್ಕೆ ತರುತ್ತೇವೆ ಎನ್ನುವ ಡಾಕ್ಟರುಗಳಿದ್ದಾರೆ, ಅದಕ್ಕೆ ಬಯೋಮೆಡಿಕಲ್ ಎನ್ನುತ್ತಾರೆ ಎಂದು ಅವಳಿಗೆ ಗೊತ್ತಾದದ್ದು ಅಲ್ಲೇ. ಮೊದಲು ಸಿಕ್ಕವನು ಫೋನಿನ ಪರದೆಯಲ್ಲಿ ಮಾತ್ರ ಕಾಣುವ ಡಾಕ್ಟರು, ಗುಬ್ಬಿಯನ್ನು ತೋರಿಸುವಷ್ಟರಲ್ಲಿ ಸಮಯ ಮುಗಿಯಿತು ಎಂದು ಪರದೆ ಕಪ್ಪಾಯಿತು. ಎರಡನೆಯವನದು ಟೈಲ್ಸ್ ಅಂಗಡಿಯ ಮಹಡಿಯ ಮೇಲಿನ ಕೋಣೆ. ಅವನು ಮಗುವಿನ ಮುಖವನ್ನೇ ನೋಡದೆ ಪರೀಕ್ಷೆಗೆಂದು ತಲೆಗೂದಲು ಕತ್ತರಿಸಿಕೊಂಡು ಕಳಿಸಿದ. ಮೂರನೆಯವರೇ ಈ ಡಾಕ್ಟರು.

ಇವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಕುರ್ಚಿ ಬಿಟ್ಟು ಗುಬ್ಬಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಗರ್ಭಿಣಿಯಾಗಿದ್ದಾಗಿನಿಂದ ಹಿಡಿದು ಇವತ್ತಿನ ಬೆಳಗಿನವರೆಗೆ ಅವಳು ಹೇಳಿದ್ದನ್ನೆಲ್ಲ ಕೇಳಿದರು, ಅವರ ಚಹಾ ಕೆನೆಗಟ್ಟಿತು. ಕೊನೆಗೆ, ನೀವು ನೆಮ್ಮದಿಯಾಗಿ ನಿದ್ದೆ ಮಾಡಿ ಎಷ್ಟು ಕಾಲ ಆಯಿತಮ್ಮ ಎಂದು ಕೇಳಿದರು. ಅವಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ, ಗಂಡನೂ ಕೇಳಿರಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಾಸ್ಟರಿಗೂ ಆ ಮನುಷ್ಯ ಹಿಡಿಸಿದರು.

ಆಮೇಲೆ ಅವರು ಪಥ್ಯ ಹೇಳಿದರು. ಹಾಲು, ಬೆಣ್ಣೆ ಬೇಡ. ಗೋಧಿ ಬೇಡ, ಮೈದಾ ಬೇಡ, ಬ್ರೆಡ್ಡಿನ ಮಾತೇ ಬೇಡ. ಅಪ್ಪನ ಕೆಲಸ ಕೇಳಿ ತಿಳಿದು, ಬಟ್ಟೆಗೆ ಅಂಟಿದ ಹಿಟ್ಟು ಕೂಡ ಮನೆಯೊಳಗೆ ಬರಬಾರದು ಎಂದರು. ಬ್ರೆಡ್ ಮಾಸ್ಟರ್ ಮನೆಗೆ ಎಂಥ ಪಥ್ಯ ನೋಡಿ! ಮಾರನೆಯ ದಿನದಿಂದ ಅವನು ಬೇಕರಿಯ ಹಿಂದಿನ ನಲ್ಲಿಯಲ್ಲೇ ಮಿಂದು, ಬೇರೆ ಅಂಗಿ ತೊಟ್ಟು, ಸೋಪಿನ ವಾಸನೆ ಹೊತ್ತು ಮನೆಗೆ ಬರತೊಡಗಿದ.

ಇಲ್ಲೇ ಇರುವುದು ಸಂಕಟ. ಯಾರ ಮೈಗೂ ಅಂಟಿಕೊಳ್ಳದ ಗುಬ್ಬಿ ದಿನಾ ಮಧ್ಯಾಹ್ನ ತಾನಾಗಿ ಬಂದು ಅಪ್ಪನ ಅಂಗಿಯಲ್ಲಿ ಮೂಗು ಹುದುಗಿಸಿ ನಿಲ್ಲುತ್ತಿದ್ದ. ಹೊಸ ಬ್ರೆಡ್ಡಿನ ವಾಸನೆ ಅವನಿಗೆ ಅಷ್ಟು ಇಷ್ಟ. ಅಪ್ಪುಗೆ ಅಂತ ಮಾಸ್ಟರಿಗೆ ಸಿಗುತ್ತಿದ್ದದ್ದು ಅದೊಂದೇ. ಸೋಪಿನ ವಾಸನೆಯ ಅಪ್ಪ ಬಂದ ದಿನ ಗುಬ್ಬಿ ಬಂದ, ಮೂಸಿದ, ತಿರುಗಿ ಹೋದ. ಆಮೇಲೆ ಬರುವುದನ್ನೇ ಬಿಟ್ಟ. ಊಟವನ್ನೂ ಬಿಟ್ಟ. ಅವಳು ಬೇರೆ ಬೇರೆ ಹಿಟ್ಟು ತಂದು, ಬೇರೆ ಪಾತ್ರೆ ಇಟ್ಟು, ಏನೇನೋ ಬೇಯಿಸಿ ತುತ್ತು ಹಿಡಿದುಕೊಂಡು ಹಿಂದೆ ಹಿಂದೆ ಓಡಾಡುತ್ತಿದ್ದಳು. ಅವನು ಥೂ ಎಂದು ಉಗುಳುತ್ತಿದ್ದ. ಮಗ ತಿನ್ನಬಾರದ್ದು ನನಗೂ ಬೇಡ ಎಂದು ಅವಳೂ ಗೋಧಿ ಬಿಟ್ಟಳು, ಹಾಲು ಬಿಟ್ಟಳು. ಹುಡುಗನ ಕುತ್ತಿಗೆಯ ಮೂಳೆ ಎದ್ದು ಕಾಣತೊಡಗಿತು.

ಒಂದು ಮಧ್ಯಾಹ್ನ ಮಾತಿನ ಟೀಚರ್ ಮನೆಯಿಂದ ಮಗನನ್ನು ಕರೆದುಕೊಂಡು ಬರುವಾಗ ಬೇಕರಿಯ ಹಿಂದಿನ ಓಣಿಯಲ್ಲಿ ಗುಬ್ಬಿ ಅಪ್ಪನ ಕೈ ಜಗ್ಗಿದ. ಹಾಗೆ ಯಾರ ಕೈಯನ್ನೂ ಜಗ್ಗಿದವನಲ್ಲ. ಹಿಂಬಾಗಿಲ ಒಳಗೆ ಬ್ರೆಡ್ ಕತ್ತರಿಸುವ ಯಂತ್ರದ ಪಕ್ಕದ ಟ್ರೇಯಲ್ಲಿ ಬ್ರೆಡ್ಡುಗಳ ಎರಡೂ ತುದಿಯ ಅಂಚಿನ ತುಂಡುಗಳು ರಾಶಿ ಬಿದ್ದಿದ್ದವು. ಗುಬ್ಬಿ ಒಂದನ್ನು ಎತ್ತಿಕೊಂಡು ಮೊದಲು ಕೆನ್ನೆಗೆ ಒತ್ತಿಕೊಂಡ, ಆಮೇಲೆ ಮೂಸಿದ, ಆಮೇಲೆ ಸುತ್ತಲಿನ ಗಟ್ಟಿ ಭಾಗವನ್ನು ಕಚ್ಚುತ್ತ ಬಂದು ಕೊನೆಗೆ ಮೆತ್ತನೆಯದನ್ನು ತಿಂದ. ತಿಂದು ಮುಗಿಸಿ ಅಪ್ಪನ ಕೈಯನ್ನು ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ. ಮಾಸ್ಟರ್ ಅಲ್ಲಿಯೇ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ, ಕಣ್ಣಲ್ಲಿ ನೀರು ತುಂಬಿ ಮುಂದಿನದು ಕಾಣಲಿಲ್ಲ.

ಅವತ್ತೇ ಹೋಗಿ ಹೆಂಡತಿಗೆ ಹೇಳಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ ಮಹಾಶಯ! ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಾಳೆ, ಇವತ್ತು ಬೇಡ, ನಾಳೆ ನೋಡೋಣ ಎಂದುಕೊಂಡ. ಆ ನಾಳೆ ಬರಲೇ ಇಲ್ಲ, ಬ್ರೆಡ್ಡು ಮಾತ್ರ ದಿನಾ ಬಂತು. ತಿಂದಾದ ಮೇಲೆ ಮಗನ ಬಾಯಿ ಒರೆಸುವುದು, ಅಂಗಿ ಕೊಡವುವುದು, ತನ್ನ ಕೈ ತೊಳೆಯುವುದು, ಹೀಗೆ ಅವನಿಗೆ ಒಂದು ಕ್ರಮವೇ ಆಯಿತು. ಮನೆಯ ಬಾಗಿಲಿಗೆ ಬಂದಾಗ ಕೂತು, ಮಗನ ಮುಖಕ್ಕೆ ಮುಖ ಕೊಟ್ಟು, ತುಟಿಯ ಮೇಲೆ ಬೆರಳಿಟ್ಟು, "ಅಮ್ಮಂಗೆ ಹೇಳ್ಬಾರ್ದು" ಎನ್ನುತ್ತಿದ್ದ. ಮಾತೇ ಬಾರದ ಮಗುವಿಗೆ ಗುಟ್ಟು ಬಿಡಬೇಡ ಎಂದು ಉಪದೇಶ. ಹೇಳುವಾಗ ಅವನಿಗೆ ಅದೊಂದು ಆಟದ ಹಾಗೆ, ಅಪ್ಪ ಮಗ ಇಬ್ಬರೇ ಸೇರಿ ಆಡುವ ಆಟದ ಹಾಗೆ ಹಿತವಾಗಿತ್ತು.

ಗುಬ್ಬಿ ಮೈ ತುಂಬಿಕೊಂಡ. ಹೊಟ್ಟೆ ತುಂಬಿದ ಮಗುವಿಗೆ ಸಂಜೆಯ ರಂಪ ಕಡಿಮೆಯಾಯಿತು, ನಿದ್ದೆ ಚೆನ್ನಾಗಿ ಬಂತು. ಇಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಮಗ ತಾನೇ ಬಾಯಿ ಒರೆಸಿಕೊಳ್ಳತೊಡಗಿದ, ತಾನೇ ಅಂಗಿ ಕೊಡವಿಕೊಳ್ಳತೊಡಗಿದ. ಅವಳು ಬೆರಗಾಗಿ ಗಂಡನನ್ನು ಕರೆದು ತೋರಿಸಿದಳು. ತನ್ನ ಮೈಮೇಲೆ ಅವನಿಗೆ ಗಮನ ಬಂದಿದೆ, ಡಾಕ್ಟರು ಹೇಳಿದ್ದು ಇದನ್ನೇ, ಪಥ್ಯ ತಲೆಗೆ ಮುಟ್ಟುತ್ತಿದೆ ಎಂದು ತಾಯಂದಿರ ಗುಂಪಿಗೆಲ್ಲ ಬರೆದಳು. ಯಾರ್ಯಾರೋ ಡಾಕ್ಟರ ನಂಬರು ಕೇಳಿದರು, ಎಲ್ಲರಿಗೂ ಕೊಟ್ಟಳು. ಊರವರ ದೃಷ್ಟಿ ಸರಿ ಮಾಡುವವಳಿಗೆ ಮನೆಯೊಳಗಿನ ಕಳ್ಳ ಕಾಣಲಿಲ್ಲ. ಮಾಸ್ಟರ್ ಹೂಂ ಎಂದ. ಆ ಹೂಂ ಅನ್ನುವಾಗ ಅವನಿಗೆ ತನ್ನ ಮುಖದ ಮೇಲೆ ತಾನೇ ಉಗುಳಿಕೊಳ್ಳುವಷ್ಟು ನಾಚಿಕೆಯಾಯಿತು.

ಒಂದು ಸಂಜೆ ಅವಳು ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಗುಬ್ಬಿ ಕುಪ್ಪಳಿಸಿಕೊಂಡು ಬಾಗಿಲಿಗೆ ಬಂದು, ಬೆರಳನ್ನು ತುಟಿಯ ಮೇಲಿಟ್ಟುಕೊಂಡು, ಸ್ಪಷ್ಟವಾಗಿ "ಅಮ್ಮ" ಎಂದ. ಅವಳ ಕೈಯ ಚೀಲ ಕೆಳಗೆ ಬಿತ್ತು. ಹೊಸ್ತಿಲ ಮೇಲೆಯೇ ಕೂತು ಅಳುತ್ತ ನಗುತ್ತ ಮತ್ತೆ ಮತ್ತೆ ಹೇಳಿಸಿದಳು, ಅವನು ಹೇಳಿದ. ಬೆರಳನ್ನು ಅವಳು ಗಮನಿಸಲಿಲ್ಲ. ಗಮನಿಸಿದವನು ಒಳಗೆ ಗೋಡೆಗೆ ಒರಗಿ ನಿಂತಿದ್ದ, ನೆಲ ಬಾಯಿ ಬಿಟ್ಟು ನುಂಗಬಾರದೇ ಎಂದುಕೊಳ್ಳುತ್ತಿದ್ದ. ಆ ಮಾತಿನ ಉಳಿದರ್ಧ ಏನೆಂದು ಅವನೊಬ್ಬನಿಗೇ ಗೊತ್ತಿತ್ತು.

ಡಾಕ್ಟರಿಗೂ ಬಹಳ ಸಂತೋಷವಾಯಿತು. ಪಥ್ಯಕ್ಕೆ ಇಷ್ಟು ಚೆನ್ನಾಗಿ ಒಗ್ಗಿದ ಮಗುವನ್ನು ಈಗ ಬಿಡಬಾರದು, ಮುಂದಿನ ಹೆಜ್ಜೆ ಇಡೋಣ ಎಂದರು. ರಕ್ತದಲ್ಲಿ ಲೋಹದ ಅಂಶ ಸೇರಿಕೊಂಡಿರುತ್ತದೆ, ಅದನ್ನು ಹೊರಗೆಳೆಯುವ ಔಷಧಿಯನ್ನು ಡ್ರಿಪ್ಸ್ ಮೂಲಕ ಕೊಡಬೇಕು, ಒಂದು ಸಲಕ್ಕೆ ಆಗುವುದಲ್ಲ, ಬಹಳ ಸಲ ಕೊಡಬೇಕು ಎಂದರು. ಮಾಸ್ಟರಿಗೆ ಇದು ಸರಿ ಕಾಣಲಿಲ್ಲ. ಹೆಂಡತಿಗೆ ತಿಳಿಸದೆ ಮಕ್ಕಳ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತು ಡಾಕ್ಟರಮ್ಮನನ್ನು ಕೇಳಿದ. ಈ ಸಲ ಅವರು ಮುಂದಿನ ಫೈಲ್ ಮುಚ್ಚಿಟ್ಟರು. ಪಥ್ಯದಿಂದ ಆಟಿಸಂ ಹೋಗುವುದಿಲ್ಲ, ಆದರೂ ಮಗು ಹೊಟ್ಟೆ ತುಂಬ ತಿಂದು ಬೆಳೆಯುತ್ತಿದ್ದರೆ ನಾನು ಜಗಳ ಆಡುವುದಿಲ್ಲ, ಡ್ರಿಪ್ಸ್ ಮಾತ್ರ ಖಂಡಿತ ಬೇಡ ಎಂದರು. ಅದರಿಂದ ಈ ಮಕ್ಕಳಿಗೆ ಉಪಯೋಗ ಇದೆಯೆಂದು ಯಾರೂ ತೋರಿಸಿಲ್ಲ, ಕಿಡ್ನಿಗೆ, ಹೃದಯಕ್ಕೆ ಏಟು ಬಿದ್ದರೆ ಮಗು ಉಳಿಯುವುದೇ ಕಷ್ಟ ಎಂದು ಬಿಡಿಸಿ ಹೇಳಿದರು.

ಅವನು ಬಂದು ಹೆಂಡತಿಗೆ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿ ಡ್ರಿಪ್ಸ್ ಬೇಡ ಎಂದ. ಅವಳು ಸಮಾಧಾನವಾಗಿಯೇ ಕೇಳಿದಳು. "ಪಥ್ಯದಿಂದ ಏನೂ ಆಗಲ್ಲ ಅಂತ ಹೇಳಿದ್ದೂ ಅವರೇ ಅಲ್ವೇನ್ರೀ? ಅವರ ಮಾತು ಕೇಳಿದ್ದಿದ್ರೆ ಇವನು ಇವತ್ತು ಅಮ್ಮ ಅಂತಿದ್ನಾ?" ಇದಕ್ಕೆ ಉತ್ತರ ಮಾಸ್ಟರ್ ಹತ್ತಿರ ಇತ್ತು. ಬಾಯಿ ಬಿಡಲು ಮಾತ್ರ ಗಂಡಸುತನ ಇರಲಿಲ್ಲ. ಡ್ರಿಪ್ಸಿಗೆ ದಿನ ಗೊತ್ತಾಯಿತು.

ಅದೇ ದಿನ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ತಂದೆ ತಾಯಿಯರ ಸಭೆ ಇತ್ತು. ಹೊಸದಾಗಿ ಹುಡುಕಿಕೊಂಡು ಬಂದವರಿಗೆ ಹಳಬರು ತಮ್ಮ ಅನುಭವ ಹೇಳುವ ಕ್ರಮ. ಅಮ್ಮಂದಿರು ಹೇಳುತ್ತಲೇ ಇರುತ್ತಾರೆ, ಅಪ್ಪಂದಿರೇ ಬರುವುದಿಲ್ಲ, ನೀವೊಂದು ನಾಲ್ಕು ಮಾತು ಆಡಬೇಕು ಎಂದು ಡಾಕ್ಟರು ಮಾಸ್ಟರನ್ನು ಕೇಳಿಕೊಂಡಿದ್ದರು. ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಮಕ್ಕಳು ಕುರ್ಚಿಗಳ ಸಂದಿಯಲ್ಲಿ ಓಡುತ್ತಿದ್ದವು, ಒಂದು ಮಗು ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿತ್ತು, ಅಲ್ಲಿ ಯಾರೂ ಅದನ್ನು ಗದರಿಸಲಿಲ್ಲ. ಪಕ್ಕದ ಕೋಣೆಯಲ್ಲಿ ನರ್ಸು ಸೂಜಿ ನೋಯದಿರಲೆಂದು ಗುಬ್ಬಿಯ ಕೈಗೆ ಮರಗಟ್ಟಿಸುವ ಮುಲಾಮು ಹಚ್ಚಿ ಮೇಲೆ ಪ್ಲಾಸ್ಟರ್ ಅಂಟಿಸಿ ಕೂರಿಸಿದ್ದಳು. ಮುಂದಿನ ಸಾಲಿನಲ್ಲಿ ಅವಳಿ ಮಕ್ಕಳ ತಾಯಿಯೊಬ್ಬಳು ಕೂತಿದ್ದಳು. ಮಾಸ್ಟರ್ ಹೆಂಡತಿ ಗುಂಪಿನಲ್ಲಿ ಬರೆದದ್ದನ್ನು ನೋಡಿಯೇ ದೂರದಿಂದ ಬಂದವಳು.

ಮಾಸ್ಟರ್ ಎದ್ದು ನಿಂತ. ಮಾತು ಶುರು ಮಾಡುವ ಮೊದಲೇ ಆ ತಾಯಿ ಕೇಳಿದಳು. "ಅಣ್ಣಾ, ಒಂದು ನಿಜ ಹೇಳಿ. ಇಬ್ಬರಿಗೂ ಹಾಲು, ಬ್ರೆಡ್ಡು ಬಿಟ್ರೆ ಬೇರೇನೂ ಸೇರಲ್ಲ. ಅದನ್ನೂ ಕಿತ್ಕೊಂಡ್ರೆ ನಿಜವಾಗ್ಲೂ ಮಾತು ಬರುತ್ತಾ?"

ಅವಳ ಮುಖ ನೋಡಿ ಸುಳ್ಳು ಹೇಳಲು ಅವನ ನಾಲಿಗೆ ಹೊರಳಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ತನ್ನ ಮಗ ಪಥ್ಯ ಮಾಡಿಯೇ ಇಲ್ಲ, ದಿನಾ ಬ್ರೆಡ್ಡು ತಿಂದಿದ್ದಾನೆ, ತಿನ್ನಿಸಿದವನು ತಾನೇ. ಬಾಯಿ ಒರೆಸಿಕೊಳ್ಳುವುದು, ಅಂಗಿ ಕೊಡವಿಕೊಳ್ಳುವುದು ಎಲ್ಲ ಕಳ್ಳತನ ಮುಚ್ಚಲು ತಾನು ಕಲಿಸಿದ್ದು. ಕೋಣೆಯಲ್ಲಿ ಬಾಗಿಲು ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಹೆಂಡತಿಯ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ.

ಡಾಕ್ಟರು ಸಿಟ್ಟಾಗಲಿಲ್ಲ. ಮನೆಯಲ್ಲಾದರೂ ಪಥ್ಯ ನಡೆದಿತ್ತಲ್ಲ, ಅರ್ಧಂಬರ್ಧ ಮಾಡಿದ್ದಕ್ಕೇ ಇಷ್ಟು ಸುಧಾರಿಸಿದ್ದಾನೆ, ಪೂರ್ತಿ ಮಾಡಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದನೋ ಎಂದರು. ನೋಡಿ, ಮಗು ತಿನ್ನದಿದ್ದರೂ ಗೆದ್ದವರು ಅವರೇ, ತಿಂದರೂ ಗೆದ್ದವರು ಅವರೇ. ಕೂತವರೆಲ್ಲ ಮಗನಿಗೆ ವಿಷ ಹಾಕಿದವನನ್ನು ನೋಡುವ ಹಾಗೆ ಮಾಸ್ಟರನ್ನು ನೋಡಿದರು. ಅವನಿಗೂ ಒಂದು ಗಳಿಗೆ, ಹಾಗೂ ಇದ್ದರೆ, ನಾನೇ ಮಗನನ್ನು ಹಾಳು ಮಾಡಿದೆನೇ ಎಂದು ಅನ್ನಿಸಿಬಿಟ್ಟಿತು.

ಆಗ ಹೆಂಡತಿ ಎದ್ದಳು. ಗಂಡನ ಕಡೆ ತಿರುಗಲಿಲ್ಲ.

"ಡ್ರಿಪ್ಸ್ ಹಾಕಿ ಡಾಕ್ಟ್ರೇ," ಎಂದಳು. "ಬಾಯಿ ಒರೆಸಿಕೊಳ್ಳೋದು ಸುಳ್ಳಾದ್ರೆ ಆಗ್ಲಿ. ನನ್ನ ಮಗ ನನ್ನನ್ನ ಅಮ್ಮ ಅಂದಿದ್ದಾನೆ. ಅದನ್ನ ಯಾರೂ ಕಲಿಸಿಲ್ಲ."

ಎಲ್ಲ ಒಪ್ಪಿಕೊಂಡು ಕೂತರೆ ಸಾಕು ಎಂದುಕೊಂಡಿದ್ದ ಮಾಸ್ಟರ್ ಒಂದನ್ನು ಮಾತ್ರ ಬಾಯಲ್ಲೇ ಉಳಿಸಿಕೊಂಡಿದ್ದ. ಅದೊಂದಾದರೂ ಅವಳಿಗೆ ಇರಲಿ ಎಂದು. ಈಗ ಮಗನ ಕೈಗೆ ಸೂಜಿ ಹೋಗುವುದು ಆ ಒಂದು ಮಾತಿನ ಬಲದ ಮೇಲೆ. ಅದನ್ನು ಅವಳಿಂದ ಕಿತ್ತುಕೊಳ್ಳದೆ ಮಗನನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಅವಳ ಕಡೆ ತಿರುಗಿ ಹೇಳಿದ.

"ಅದೂ ನಾನೇ ಕಲಿಸಿದ್ದು ಕಣೇ. ದಿನಾ ಬಾಗಿಲ ಹತ್ರ ಹೇಳ್ತಿದ್ದೆ. ಅದರಲ್ಲಿ ಮೊದಲನೇದು ಅವನಿಗೆ ಬಂದಿದೆ."

"ಏನಂತ ಹೇಳ್ತಿದ್ರಿ?"

"ಅಮ್ಮಂಗೆ ಹೇಳ್ಬಾರ್ದು ಅಂತ."

ಬೆರಳು ಅವಳಿಗೆ ಆಗ ನೆನಪಾಗಿರಬೇಕು, ತನ್ನ ಕೈಯನ್ನು ತುಟಿಯ ಹತ್ತಿರಕ್ಕೆ ತಂದು ಕೆಳಗಿಳಿಸಿದಳು. ಆಮೇಲೆ ಪಕ್ಕದ ಕೋಣೆಗೆ ಹೋಗಿ, ಗುಬ್ಬಿಯ ಕೈಯ ಪ್ಲಾಸ್ಟರನ್ನು ನೋಯದ ಹಾಗೆ ತುದಿಯಿಂದ ಮೆಲ್ಲಗೆ ಬಿಡಿಸಿ, ಮುಲಾಮು ಒರೆಸಿ, ಅವನನ್ನು ನಡೆಸಿಕೊಂಡು ಹೊರಟಳು. ಡಾಕ್ಟರು ಬಾಗಿಲವರೆಗೂ ಬಂದು, ಯಾವಾಗ ಬೇಕಾದರೂ ಬನ್ನಿ ಅಮ್ಮ ಎಂದರು. ಅವಳು ತಲೆಯಾಡಿಸಿದಳೋ ಇಲ್ಲವೋ ತಿಳಿಯಲಿಲ್ಲ. ಅವಳಿ ಮಕ್ಕಳ ತಾಯಿ ಹೆಸರು ಬರೆಸುವ ಮೇಜಿನ ಮುಂದೆ ಹೋಗಿ ನಿಂತಿದ್ದಳು, ಬರೆಸಿದಳೋ ಬಿಟ್ಟಳೋ ಮಾಸ್ಟರ್ ನೋಡಲಿಲ್ಲ.

ಬಸ್ಸು ಬಂದರೂ ಅವಳು ಹತ್ತಲಿಲ್ಲ. ಮಗನ ಕೈ ಹಿಡಿದು ಮುಂದೆ ಮುಂದೆ ನಡೆದಳು, ಮಾಸ್ಟರ್ ಹಿಂದೆ ಬಂದ. ಬಯ್ಯಲಿ, ಹೊಡೆಯಲಿ, ಬೀದಿಯಲ್ಲಿ ಮಾನ ತೆಗೆಯಲಿ ಎಂದು ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು. ಅವಳು ನಡೆಯುತ್ತಲೇ ಇದ್ದಳು. ಬೇಕರಿಯ ಓಣಿಗೆ ಬಂದಾಗ ನಿಂತು, ಎಲ್ಲಿ ಕೊಡುತ್ತಿದ್ದಿರಿ ಎಂದು ಕೇಳಿದಳು. ಅವನು ಹಿಂಬಾಗಿಲು ತೋರಿಸಿದ.

ಒಳಗೆ ಟ್ರೇಯಲ್ಲಿ ಅವತ್ತಿನ ಅಂಚಿನ ತುಂಡುಗಳಿದ್ದವು. ಅವಳು ಅದರಲ್ಲಿ ದಪ್ಪನೆಯದೊಂದನ್ನು ಆರಿಸಿ, ಮಂಡಿಯೂರಿ ಕೂತು ಮಗನ ಮುಂದೆ ಹಿಡಿದಳು. ತಿನ್ನು ಕಂದ ಎಂದಳು. ಗುಬ್ಬಿ ಬ್ರೆಡ್ಡನ್ನು ನೋಡಿದ. ಅಮ್ಮನನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹಿಂದೆ ಹಿಂದೆ ಸರಿದು ಅಪ್ಪನ ಕಾಲಿಗೆ ಆತುಕೊಂಡು ನಿಂತ. ಅವಳು ಚಾಚಿದ ಕೈ ಹಾಗೇ ಇತ್ತು.

"ಇಷ್ಟು ದಿನ ನೀವು ಕೊಡೋ ಅಪ್ಪ ಆಗಿದ್ರಿ," ಎಂದಳು. ದನಿ ಏರಲಿಲ್ಲ. "ನಾನು ಕಿತ್ಕೊಳ್ಳೋ ಅಮ್ಮ. ಅವನು ತಿಂದು ಖುಷಿ ಪಡೋದನ್ನ ಒಂದು ದಿನ ನನಗೂ ತೋರಿಸ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಅನ್ನಿಸಿರಲಿಲ್ಲ. ಅದೇ ನಿಜ. ಹೆಂಡತಿಯ ಮನಸ್ಸು ನೋಯಬಾರದೆಂದು ಮುಚ್ಚಿಟ್ಟೆ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಮಗ ತನ್ನ ಕೈ ಹಿಡಿದು ತಲೆಯ ಮೇಲಿಟ್ಟುಕೊಳ್ಳುವ ಆ ಗಳಿಗೆಯನ್ನು ಯಾರ ಜೊತೆಯೂ ಹಂಚಿಕೊಳ್ಳಲು ಇಷ್ಟವಿರಲಿಲ್ಲ, ಅಷ್ಟೇ. ಇದು ಈಗ, ಅವಳು ಕೇಳಿದಾಗ, ಅವನಿಗೇ ಗೊತ್ತಾಯಿತು.

ಅವಳು ಚಾಚಿದ್ದ ತುಂಡನ್ನು ತಾನೇ ಕಚ್ಚಿದಳು. ಎಷ್ಟೋ ಕಾಲದ ಮೇಲೆ ಬ್ರೆಡ್ಡು ಅವಳ ಬಾಯಿಗೆ ಹೋಗಿತ್ತು. ಅಗಿಯುತ್ತ ಅಗಿಯುತ್ತ ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಗುಬ್ಬಿ ಅಪ್ಪನ ಕಾಲ ಹಿಂದಿನಿಂದ ಇಣುಕಿ ಅವಳ ಬಾಯನ್ನೇ ನೋಡುತ್ತಿದ್ದ.

"ಅವನಿಗೆ ಇನ್ನೊಂದು ಮಾತು ಕಲಿಸಿ," ಎಂದಳು. "ನನ್ನ ಎದುರಿಗೇ ಕಲಿಸಿ."

"ಏನಂತ?"

"ಅಮ್ಮಂಗೂ ಕೊಡು ಅಂತ."

ಮಾಸ್ಟರ್ ಮಗನ ಮುಂದೆ ಕೂತ, ಮುಖಕ್ಕೆ ಮುಖ ಕೊಟ್ಟ. ಗುಬ್ಬಿ ಕಾಯುವವನ ಹಾಗೆ ಅವನ ತುಟಿಗಳನ್ನೇ ನೋಡಿದ. ಮಾಸ್ಟರ್ ಅಮ್ಮಂಗೂ ಎಂದು ಶುರು ಮಾಡಿದ, ಮುಂದಕ್ಕೆ ದನಿ ಹೊರಡಲಿಲ್ಲ. ಹೆಂಡತಿ ಪಕ್ಕದಲ್ಲೇ ಕೂತು ಕಾಯುತ್ತಿದ್ದಳು. ಅವನು ಮತ್ತೆ ಮೊದಲಿನಿಂದ ಶುರು ಮಾಡಿದ.